ಮೂರು ನಿಮಿಷದ ರಾಗ: ಗ್ರಾಮಫೋನ್ ಬಂದ ಮೇಲೆ ನಾವು ಸಂಗೀತ ಕೇಳಿದ ಬಗೆ

೧೯೦೨ರ ನವೆಂಬರ್ ತಿಂಗಳಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞನು ಕಲ್ಕತ್ತೆಯಲ್ಲಿ ಬೀಡುಬಿಟ್ಟಿದ್ದನು. ಲಂಡನ್ನಿನ ಗ್ರಾಮಫೋನ್ ಕಂಪನಿ ಅವನನ್ನು ಪೂರ್ವದೇಶಗಳ ಸಂಗೀತವನ್ನು ಮುದ್ರಿಸಿಕೊಂಡು ಬರಲು ಕಳುಹಿಸಿತ್ತು. ಆ ತಿಂಗಳ ೮ರಂದು ಅವನು ಭಾರತದಲ್ಲಿ ತನ್ನ ಮೊದಲ ಮುದ್ರಣಗಳನ್ನು ಮಾಡಿದನು. ೧೧ರಂದು ಅವನ ಯಂತ್ರದ ಮುಂದೆ ಬಂದು ನಿಂತವರು ಅಂದಿನ ಕಲ್ಕತ್ತೆಯ ಪ್ರಸಿದ್ಧ ಗಾಯಕಿ ಗೌಹರ್ ಜಾನ್. ಅವರು ಜೋಗಿಯಾ ರಾಗವನ್ನು ಹಾಡಿದರು. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಕೂಗಿ ಹೇಳಿದರು. ಆ ಕೂಗು ಇಂದಿಗೂ ಕೇಳಸಿಗುತ್ತದೆ.

ರಾಗವೊಂದನ್ನು ಹಾಡಿದ ಬಳಿಕ ಗಾಯಕಿಯು ತನ್ನ ಹೆಸರನ್ನು ತಾನೇ ಸಾರಿಕೊಳ್ಳುವುದು ನಮ್ಮ ಸಂಪ್ರದಾಯದಲ್ಲಿ ಇಲ್ಲದ ಸಂಗತಿ. ಹಾಗೇಕೆ ಮಾಡಬೇಕಾಯಿತು? ಕಲ್ಕತ್ತೆಯಲ್ಲಿ ಮೇಣದ ಮೇಲೆ ಮೂಡಿದ ಗೆರೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಅಲ್ಲಿಯ ಕಾರ್ಖಾನೆಯಲ್ಲಿ ಅಚ್ಚಾಗಿ ಮರಳಿ ಬರಬೇಕಾಗಿತ್ತು. ಭಾರತದ ಭಾಷೆಯಾಗಲಿ ರಾಗವಾಗಲಿ ತಿಳಿಯದ ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ಗುರುತಿಸಲು ಈ ಕೂಗೇ ಸಹಾಯಕವಾಗಿತ್ತೆಂದು ಹೇಳುತ್ತಾರೆ. ಹಾಡು ಹಾಡಿದವಳಿಂದ ಮೊದಲ ಬಾರಿಗೆ ಬೇರ್ಪಟ್ಟು, ಅವಳಿಲ್ಲದೆಡೆಗೆ ಒಂಟಿಯಾಗಿ ಪ್ರಯಾಣ ಹೊರಟಿತ್ತು. ಆದುದರಿಂದ ಅದಕ್ಕೊಂದು ವಿಳಾಸಚೀಟಿ ಬೇಕಾಯಿತು.

ಹಾಡು ಹಾಡುವವರಿಂದ ಬೇರ್ಪಟ್ಟಾಗ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ನಿಮ್ಮಲ್ಲಿ ಹಲವರು ದೂರದೂರುಗಳಲ್ಲಿದ್ದೀರಿ. ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮಿ’ಯನ್ನು ಬೆಳಗಿನ ರೈಲಿನಲ್ಲಿ ಕುಳಿತು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳುವವರಿದ್ದೀರಿ. ನಮಗೆ ಇದು ಸಹಜವೆನಿಸಿಬಿಟ್ಟಿದೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಮನುಷ್ಯರಾರೂ ಹೀಗೆ ಸಂಗೀತ ಕೇಳಿರಲಿಲ್ಲವೆಂಬುದನ್ನು ಒಮ್ಮೆ ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಅದಕ್ಕೆ ಮೊದಲು ಸಂಗೀತ ಕೇಳಬೇಕೆಂದರೆ ಹಾಡುವವರಿರುವಲ್ಲಿಗೆ ನಾವು ಹೋಗಬೇಕಿತ್ತು, ಇಲ್ಲವೇ ಅವರನ್ನು ನಾವಿರುವಲ್ಲಿಗೆ ಕರೆಸಬೇಕಿತ್ತು. ಕರೆಸುವ ಶಕ್ತಿ ಅರಮನೆಗಳಿಗೆ, ಜಮೀನ್ದಾರರಿಗೆ, ಮಠ ಮಂದಿರಗಳಿಗೆ ಮತ್ತು ಊರ ಶ್ರೀಮಂತರಿಗೆ ಮಾತ್ರ ಇತ್ತು. ಬೈಠಕ್ಕಿನಲ್ಲಿ ಹತ್ತಿಪ್ಪತ್ತು ಮಂದಿ ಬಲ್ಲವರು ಕುಳಿತಿರುತ್ತಿದ್ದರು. ಗಾಯಕನು ಒಂದೇ ರಾಗವನ್ನು ಒಂದು ಗಂಟೆ, ಒಂದೂವರೆ ಗಂಟೆ ಬೆಳೆಸುತ್ತಿದ್ದನು. ಒಂದು ಸ್ವರವು ಸರಿಯಾದ ಜಾಗದಲ್ಲಿ ನಿಂತಾಗ ಎದುರಿಗಿದ್ದವರ ಬಾಯಿಂದ ‘ಭೇಷ್’ ಎಂಬ ಉದ್ಗಾರ ತಾನಾಗಿಯೇ ಬರುತ್ತಿತ್ತು, ಮತ್ತು ಆ ಉದ್ಗಾರವನ್ನು ಕೇಳಿದ ಗಾಯಕನು ಮುಂದಿನ ಸ್ವರವನ್ನು ಇನ್ನೊಂದು ಬಗೆಯಲ್ಲಿ ಇಡುತ್ತಿದ್ದನು. ಅಂದರೆ ಕೇಳುವವನೂ ಆ ಹಾಡಿನ ಅರ್ಧ ಕರ್ತೃವಾಗಿದ್ದನು. ರಾಗಕ್ಕೆ ಹೊತ್ತು ಗೊತ್ತುಗಳಿದ್ದವು. ಮುಂಜಾನೆಯ ರಾಗವನ್ನು ಸಂಜೆ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಸಂಜೆ ಅದನ್ನು ಯಾರೂ ಹಾಡುತ್ತಿರಲಿಲ್ಲ. ಇಂದು ಹಾಡಿದ್ದು ನಾಳೆ ಅದೇ ರೂಪದಲ್ಲಿ ಬರುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಗ್ರಾಮಫೋನಿನ ಪ್ಲೇಟು ಹೇಗೆ ಬದಲಿಸಿತೆಂಬುದನ್ನು ತಿಳಿಯಲು ಪ್ಲೇಟು ತಯಾರಾಗುತ್ತಿದ್ದ ಬಗೆಯನ್ನು ಸ್ವಲ್ಪ ನೋಡಬೇಕು. ಆಗ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ಕ್ರಮ ಆರಂಭವಾದದ್ದು ೧೯೨೫ರಲ್ಲಿ. ಅಲ್ಲಿಯವರೆಗೆ ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖ ಒಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಆ ಧ್ವನಿಯ ಕಂಪನಕ್ಕೆ ಕಹಳೆಯ ಇನ್ನೊಂದು ತುದಿಯಲ್ಲಿದ್ದ ತೆಳುಪೊರೆ ಅದುರಿ, ಅದಕ್ಕೆ ಜೋಡಿಸಿದ ಮುಳ್ಳು ತಿರುಗುತ್ತಿರುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಧ್ವನಿ ಏರಿದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಇಳಿದಾಗ ಮುಂದಕ್ಕೆ ತರಬೇಕು. ತಂಬೂರಿಯ ನಾದ ಯಂತ್ರಕ್ಕೆ ಬಹುಮಟ್ಟಿಗೆ ಕೇಳಿಸುತ್ತಲೇ ಇರಲಿಲ್ಲ. ಶ್ರುತಿಯೇ ತಾಯಿ ಎನ್ನುವ ಸಂಗೀತದಲ್ಲಿ ಶ್ರುತಿಯೇ ಕೇಳದಂತಹ ಮುದ್ರಣಗಳು ಅವು!

ಪ್ಲೇಟಿನ ಮುಖ್ಯ ಸಾಮಗ್ರಿ ಯಾವುದೆಂದು ನಿಮಗೆ ಗೊತ್ತೇ? ಅರಗು. ಮಹಾಭಾರತದಲ್ಲಿ ಪಾಂಡವರಿಗಾಗಿ ಕಟ್ಟಿದ ಅರಗಿನ ಮನೆಯ ಪಾಠವನ್ನು ಓದಿದ್ದೀರಲ್ಲ, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅದೇ. ಮರಗಳ ಮೇಲೆ ಬದುಕುವ ಒಂದು ಜಾತಿಯ ಸಣ್ಣ ಕೀಟಗಳು ಸ್ರವಿಸುವ ಅಂಟು ಅದು. ಇದರ ಬಹುಭಾಗ ಜಗತ್ತಿಗೆ ಭಾರತದಿಂದಲೇ ಹೋಗುತ್ತಿತ್ತು. ನಮ್ಮ ಕಾಡಿನ ಅರಗು ಯೂರೋಪಿಗೆ ಹೋಗಿ, ನಮ್ಮದೇ ಗಾಯಕಿಯ ದನಿ ಹೊತ್ತು, ನಮಗೇ ಮಾರಾಟಕ್ಕೆ ಬರುತ್ತಿತ್ತು. ಮುಂದೆ ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್‌ದಾದಲ್ಲಿ ಪ್ಲೇಟು ಅಚ್ಚು ಹಾಕುವ ಕಾರ್ಖಾನೆ ಆರಂಭವಾದ ಮೇಲೆ ಹಡಗಿನ ಪ್ರಯಾಣ ತಪ್ಪಿತು.

ಹತ್ತಂಗುಲದ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಒಂದು ಗಂಟೆಯ ಖಯಾಲನ್ನು ಮೂರು ನಿಮಿಷದಲ್ಲಿ ಹಾಡುವುದೆಂದರೆ ಮಹಾಕಾವ್ಯವೊಂದನ್ನು ಅಂಚೆ ಕಾರ್ಡಿನಲ್ಲಿ ಬರೆದಂತೆ. ವಿಳಂಬಿತದ ಆಲಾಪಕ್ಕೆ ಅಲ್ಲಿ ಜಾಗವಿಲ್ಲ. ಮೊದಲ ನಿಮಿಷದಲ್ಲಿಯೇ ರಾಗದ ಮುಖ ಕಾಣಬೇಕು, ಎರಡನೆಯದರಲ್ಲಿ ಅಂತರಾ ಮುಗಿಯಬೇಕು, ಮೂರನೆಯದರಲ್ಲಿ ನಾಲ್ಕಾರು ತಾನುಗಳು ಸಿಡಿಯಬೇಕು. ಗೌಹರ್ ಜಾನ್ ಈ ಕಲೆಯನ್ನು ಬಹುಬೇಗ ವಶಪಡಿಸಿಕೊಂಡರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರು ಸುಮಾರು ಆರುನೂರು ಮುದ್ರಿಕೆಗಳನ್ನು ಕೊಟ್ಟರೆಂದು ಅಂದಾಜು. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರೂ ಇದೇ ಇಕ್ಕಟ್ಟಿನ ಜಾಗದಲ್ಲಿ ಅಪಾರವಾದ ಶಾಂತಿಯನ್ನು ತುಂಬಿಟ್ಟರು. ಕಟ್ಟುಪಾಡು ದೊಡ್ಡ ಕಲಾವಿದರನ್ನು ಕುಗ್ಗಿಸಲಿಲ್ಲ. ಆದರೆ ಕೇಳುವವರ ಅಭ್ಯಾಸವನ್ನು ಮಾತ್ರ ಬದಲಿಸಿತು. ರಾಗವೆಂದರೆ ಬೇಗ ಮುಗಿಯುವ ವಸ್ತು, ಎಷ್ಟು ಸಲ ಬೇಕಾದರೂ ಒಂದೇ ರೀತಿ ಮರಳಿ ಬರುವ ವಸ್ತು ಎಂಬ ಭಾವನೆ ಜನರಲ್ಲಿ ಬೇರೂರಿತು. ಕಛೇರಿಗೆ ಬಂದ ಶ್ರೋತೃಗಳು ‘ಪ್ಲೇಟಿನಲ್ಲಿರುವಂತೆಯೇ ಹಾಡಿ’ ಎಂದು ಕೇಳುವ ಕಾಲ ಬಂದಿತು. ನಕಲು ಮೂಲಕ್ಕೆ ಮಾದರಿಯಾಯಿತು.

ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ ೧೯೩೬ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡನು. ಅವನು ಮುಖ್ಯವಾಗಿ ಬರೆದದ್ದು ಛಾಯಾಚಿತ್ರ ಮತ್ತು ಸಿನಿಮಾಗಳ ಬಗ್ಗೆ. ಒಂದು ಕಲಾಕೃತಿ ಇಂಥ ಸ್ಥಳದಲ್ಲಿ, ಇಂಥ ಕಾಲದಲ್ಲಿ ಒಂದೇ ಒಂದಾಗಿ ಇರುವುದರಿಂದ ಅದರ ಸುತ್ತ ಒಂದು ಪ್ರಭೆ ಇರುತ್ತದೆ, ಯಂತ್ರದಿಂದ ಸಾವಿರಾರು ಪ್ರತಿಗಳಾದಾಗ ಆ ಪ್ರಭೆ ಬಾಡುತ್ತದೆ ಎಂಬುದು ಅವನ ವಾದದ ಸಾರ. ನಮ್ಮ ದೇವಾಲಯಗಳಲ್ಲಿ ಉತ್ಸವಮೂರ್ತಿಯ ಹಿಂದೆ ನಿಲ್ಲಿಸುವ ಪ್ರಭಾವಳಿಯನ್ನು ನೆನೆದರೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಬೆಂಜಮಿನ್ನನು ಈ ಬಾಡುವಿಕೆಯನ್ನು ಕೇವಲ ನಷ್ಟವೆಂದು ಎಣಿಸಲಿಲ್ಲ. ಕಲೆ ಹಲವರ ಕೈಗೆ ಬರುವುದನ್ನು ಅವನು ಬಿಡುಗಡೆಯಾಗಿಯೂ ಕಂಡನು.

ನಮ್ಮ ಸಂಗೀತದ ಇತಿಹಾಸಕ್ಕೆ ಈ ಮಾತನ್ನು ಅನ್ವಯಿಸುವಾಗ ಒಂದು ಸಂಗತಿಯನ್ನು ಮರೆಯಬಾರದು. ಬೈಠಕ್ಕಿನ ಪ್ರಭಾವಳಿಯ ಒಂದಂಶವು ಬಾಗಿಲಲ್ಲಿ ತಡೆಯಲ್ಪಟ್ಟವರಿಂದಲೇ ಉಂಟಾದದ್ದು. ಎಲ್ಲರಿಗೂ ಒಳಗೆ ಪ್ರವೇಶವಿರಲಿಲ್ಲ. ಗೌಹರ್ ಜಾನರಂತಹ ತವಾಯಿಫರ ಹಾಡನ್ನು ಕೇಳಲು ಗಂಡಸರು ಹೋಗುತ್ತಿದ್ದರು, ಅವರ ಮನೆಯ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಪ್ಲೇಟು ಬಂದಿತು. ಯಾವ ಮನೆಯ ಹೊಸ್ತಿಲನ್ನು ಆ ಗಾಯಕಿಯರು ದಾಟುವಂತಿರಲಿಲ್ಲವೋ ಆ ಮನೆಯ ನಡುಮನೆಗೆ ಅವರ ದನಿ ಹೋಗಿ ಕುಳಿತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸರು ಮೊದಲ ಬಾರಿಗೆ ಅದನ್ನು ಕೇಳಿದರು. ಆದರೆ ಸ್ವಾಗತ ದೊರೆತದ್ದು ದನಿಗೆ ಮಾತ್ರ. ದನಿಯ ಒಡತಿಯ ಸ್ಥಾನವು ಸಮಾಜದಲ್ಲಿ ಎಲ್ಲಿತ್ತೋ ಅಲ್ಲಿಯೇ ಉಳಿಯಿತು.

ಗೌಹರ್ ಜಾನರ ಕಥೆ ಮುಗಿಯುವುದು ನಮ್ಮ ಮೈಸೂರಿನಲ್ಲಿ. ಹೆಸರು, ಹಣ, ವೈಭವ ಎಲ್ಲವನ್ನೂ ಕಂಡು, ಕೋರ್ಟು ವ್ಯಾಜ್ಯಗಳಲ್ಲಿ ಬಹಳಷ್ಟನ್ನು ಕಳೆದುಕೊಂಡ ಅವರಿಗೆ ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಆಶ್ರಯ ನೀಡಿತು. ಎರಡು ವರ್ಷವೂ ತುಂಬುವ ಮೊದಲೇ, ೧೯೩೦ರ ಜನವರಿ ೧೭ರಂದು, ಅವರು ಮೈಸೂರಿನಲ್ಲಿಯೇ ತೀರಿಕೊಂಡರು. ದೇಶದ ಮೂಲೆಮೂಲೆಯ ಮನೆಗಳಲ್ಲಿ ಅವರ ಪ್ಲೇಟುಗಳಿದ್ದವು, ಅವರ ಕೊನೆಗಾಲದಲ್ಲಿ ಹತ್ತಿರವಿದ್ದವರು ಕೆಲವರೇ. ಮುಂದೆ ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ಕಡತಗಳನ್ನು ಹುಡುಕುತ್ತಿದ್ದಾಗ ಇವರ ಜಾಡು ದೊರೆತು, ೨೦೧೦ರಲ್ಲಿ ಇವರ ಜೀವನ ಚರಿತ್ರೆ ಪುಸ್ತಕವಾಗಿ ಬಂದಿತು.

ಇನ್ನು ಧಾರವಾಡಕ್ಕೆ ಬರೋಣ. ಗಂಗೂಬಾಯಿ ಹಾನಗಲ್ ಅವರು ೧೯೧೩ರಲ್ಲಿ ಅಲ್ಲಿ ಹುಟ್ಟಿದರು. ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಓಡಿಹೋಗಿ ನಿಂತು ಕೇಳುತ್ತಿದ್ದುದನ್ನು, ಕೇಳಿದ್ದನ್ನು ಮನೆಗೆ ಬಂದು ಅನುಕರಿಸುತ್ತಿದ್ದುದನ್ನು ಅವರೇ ನೆನೆಸಿಕೊಂಡಿದ್ದಾರೆ. ಹಾಡುವವರ ಮನೆತನದ ಹೆಣ್ಣುಮಗಳೆಂಬ ಕಾರಣಕ್ಕೆ ಮೇಲುಜಾತಿಯವರ ಓಣಿಗಳಲ್ಲಿ ನಡೆದುಹೋಗುವಾಗ ಚುಚ್ಚುಮಾತುಗಳನ್ನು ಕೇಳಬೇಕಾಗಿದ್ದ ಬಾಲಕಿ ಆಕೆ. ಬೀದಿಗೆ ಕೇಳಿಸುವ ಪ್ಲೇಟು ಮಾತ್ರ ಯಾರ ಕುಲವನ್ನೂ ವಿಚಾರಿಸಲಿಲ್ಲ. ಮೂವತ್ತರ ದಶಕದಲ್ಲಿ ಆಕೆಯ ಹಾಡುಗಳೂ ಎಚ್.ಎಂ.ವಿ. ಪ್ಲೇಟುಗಳಾಗಿ ಬಂದವು. ಅವುಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’ ಎಂದು.

ಆ ಪ್ಲೇಟುಗಳನ್ನು ಈಗ ಕೇಳಿದವರು ಬೆರಗಾಗುತ್ತಾರೆ. ನಮಗೆಲ್ಲ ಪರಿಚಿತವಾದ ಗಂಗೂಬಾಯಿಯವರ ಧ್ವನಿ ಗಡುಸಾದದ್ದು, ಗಂಭೀರವಾದದ್ದು; ನೋಡದೆ ಕೇಳಿದರೆ ಗಂಡಸಿನದೆಂದೇ ಭಾವಿಸುವಂಥದ್ದು. ಪ್ಲೇಟಿನಲ್ಲಿರುವುದು ತೆಳುವಾದ, ಎತ್ತರದ, ಬಳ್ಳಿಯಂತೆ ಬಳುಕುವ ಹೆಣ್ಣುದನಿ. ನಡುವೆ ಗಂಟಲಿನ ಬೇನೆ ಮತ್ತು ಅದರ ಚಿಕಿತ್ಸೆಯಿಂದಾಗಿ ಅವರ ಧ್ವನಿ ಬದಲಾಯಿತು. ಬದಲಾದ ಧ್ವನಿಯನ್ನೇ ಸಾಧನೆಯಿಂದ ಪಳಗಿಸಿ ಅವರು ಕಿರಾಣಾ ಘರಾಣೆಯ ಮೇರುಗಳಲ್ಲೊಬ್ಬರಾದರು. ಆದರೆ ಆ ಮೊದಲ ದನಿ? ಅದು ಈ ಅರಗಿನ ತಟ್ಟೆಗಳಲ್ಲದೆ ಲೋಕದಲ್ಲಿ ಬೇರೆಲ್ಲೂ ಉಳಿಯಲಿಲ್ಲ. ಹಾಡಿದವರಿಗೇ ಮರಳಿ ಸಿಗದ ದನಿಯನ್ನು ಯಂತ್ರವೊಂದು ಕಾಪಾಡಿಕೊಂಡು ಬಂದಿತು. ಯಂತ್ರವು ಕಲೆಯನ್ನು ನಾಶಮಾಡುತ್ತದೆ ಎಂದು ಯಾರಾದರೂ ಸಾರಾಸಗಟಾಗಿ ಹೇಳಿದಾಗ ನನಗೆ ನೆನಪಾಗುವುದು ಈ ಪ್ಲೇಟುಗಳೇ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆಯನ್ನಿಟ್ಟು ನೋಡೋಣ. ಜೈಪುರ ಘರಾಣೆಯ ಪ್ರವರ್ತಕರಾದ ಅಲ್ಲಾದಿಯಾ ಖಾನರು ೧೯೪೬ರವರೆಗೆ ಬದುಕಿದ್ದರು. ಅಷ್ಟರಲ್ಲಿ ಪ್ಲೇಟುಗಳು ಹಳತಾಗುವಷ್ಟು ಕಾಲ ಕಳೆದಿತ್ತು, ಆದರೂ ಅವರ ಹಾಡಿನ ಮುದ್ರಿಕೆಯೊಂದೂ ನಮಗೆ ಉಳಿದಿಲ್ಲ. ಆ ತಲೆಮಾರಿನ ಅನೇಕ ವಿದ್ವಾಂಸರಿಗೆ ಯಂತ್ರದ ಬಗ್ಗೆ ಶಂಕೆಯಿತ್ತು. ವಿದ್ಯೆ ಬೀದಿಪಾಲಾಗುತ್ತದೆ, ಕಂಠದ ಶಕ್ತಿ ಕುಂದುತ್ತದೆ ಎಂದು ಹಿಂಜರಿದವರಿದ್ದರು. ಅಲ್ಲಾದಿಯಾ ಖಾನರ ಸಂಗೀತ ಹಾಗಾದರೆ ಅಳಿಯಿತೇ? ಇಲ್ಲ. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಅವರಲ್ಲಿ ಅದು ಬೆಳೆಯಿತು. ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಮೂಲಕ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಇಳಿದುಬಂದಿತು. ಪ್ಲೇಟಿಲ್ಲದೆಯೂ ವಿದ್ಯೆ ಉಳಿಯುವ ದಾರಿಯೊಂದು ನಮ್ಮಲ್ಲಿತ್ತು, ಅದು ಮನುಷ್ಯರ ಮೂಲಕ ಹಾದುಹೋಗುವ ದಾರಿ. ಆದರೆ ಅಲ್ಲಾದಿಯಾ ಖಾನರ ಧ್ವನಿ ಹೇಗಿತ್ತೆಂಬುದು ಮಾತ್ರ ಅವರನ್ನು ಕೇಳಿದವರೊಡನೆಯೇ ಹೋಯಿತು. ಅವರ ಶಿಷ್ಯೆ ಕೇಸರಬಾಯಿಯವರ ಭೈರವಿಯ ಮೂರೂವರೆ ನಿಮಿಷದ ಹಾಡೊಂದು ೧೯೭೭ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಈಗ ಸೌರಮಾರುತದ ವಲಯವನ್ನು ದಾಟಿ ಸಾಗುತ್ತಿದೆ. ಗುರುವಿನ ದನಿ ಭೂಮಿಯಲ್ಲೂ ಸಿಗುವುದಿಲ್ಲ; ಶಿಷ್ಯೆಯ ದನಿ ನಕ್ಷತ್ರಗಳ ನಡುವಿದೆ.

ಮುದ್ರಿಕೆಯೊಂದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಭೀಮಸೇನ ಜೋಶಿಯವರ ಬಾಲ್ಯಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ತಿಳಿದಿಲ್ಲ. ಅವರ ತಂದೆ ಗದಗಿನಲ್ಲಿ ಉಪಾಧ್ಯಾಯರಾಗಿದ್ದರು. ಅಂಗಡಿಯೊಂದರಲ್ಲಿ ಹಾಕುತ್ತಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟನ್ನು ಕೇಳಿ ಆ ಹುಡುಗನಿಗೆ ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟನು. ಗ್ವಾಲಿಯರ್, ರಾಮಪುರ ಎಂದು ಉತ್ತರದ ಊರುಗಳನ್ನು ಸುತ್ತಿ ಜಲಂಧರದವರೆಗೂ ಹೋದನು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿಗೆ ಹೋಗು ಎಂದು ದಾರಿ ತೋರಿದರು. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಚಂದ್ರರಾಯರು, ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಗದಗಿನಿಂದ ಕುಂದಗೋಳ ನೂರು ಕಿಲೋಮೀಟರೂ ಇಲ್ಲ. ೧೯೩೬ರಲ್ಲಿ ಅವರ ಬಳಿ ಶಿಷ್ಯವೃತ್ತಿ ಆರಂಭವಾಯಿತು. ನೀರು ಹೊತ್ತು, ಮನೆಗೆಲಸ ಮಾಡಿ, ಒಂದೊಂದು ರಾಗವನ್ನು ತಿಂಗಳುಗಟ್ಟಲೆ ತಿದ್ದಿಸಿಕೊಂಡು ಕಲಿತದ್ದು ಆ ಬಳಿಕ.

ಪ್ಲೇಟು ಆ ಹುಡುಗನಲ್ಲಿ ಹಸಿವನ್ನು ಹುಟ್ಟಿಸಿತು. ಊಟವನ್ನು ಕೊಟ್ಟವರು ಗುರುಗಳು. ಅದೇ ಪ್ಲೇಟನ್ನು ಸಾವಿರ ಸಲ ಹಾಕಿದ್ದರೂ ಅದು ‘ನಿನ್ನ ಗಾಂಧಾರ ತುಸು ಇಳಿಯಿತು, ಮತ್ತೆ ಹೇಳು’ ಎನ್ನುತ್ತಿರಲಿಲ್ಲ. ನಾವು ಬಿ.ಇಡಿ. ಓದುವಾಗ ದೃಶ್ಯ-ಶ್ರವ್ಯ ಸಾಧನಗಳು ಎಂಬ ಪಾಠವಿತ್ತು. ಸಾಧನವು ಕುತೂಹಲವನ್ನು ಕೆರಳಿಸಬಲ್ಲದು, ಪಾಠವನ್ನು ಶಿಕ್ಷಕನೇ ಮಾಡಬೇಕು ಎಂದು ಅಲ್ಲಿ ಕಲಿಸುತ್ತಿದ್ದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ಮಾತಿನ ಅರ್ಥ ನನಗೆ ಸರಿಯಾಗಿ ಆದದ್ದು ಈ ಪ್ರಸಂಗವನ್ನು ತಿಳಿದ ಮೇಲೆಯೇ.

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೪೮ರಲ್ಲಿ ಅಮೆರಿಕದಲ್ಲಿ ಎಲ್.ಪಿ. ತಟ್ಟೆಗಳು ಬಂದವು. ಒಂದು ಬದಿಗೆ ಇಪ್ಪತ್ತು ನಿಮಿಷ ದೊರೆತದ್ದರಿಂದ ರಾಗಕ್ಕೆ ಕಳೆದುಹೋಗಿದ್ದ ಉಸಿರು ಮರಳಿ ಬಂದಿತು. ಆಮೇಲೆ ಬಂದದ್ದು ಧ್ವನಿಸುರುಳಿ, ಅಂದರೆ ಕ್ಯಾಸೆಟ್. ಅಗ್ಗವಾದದ್ದು, ಸುಲಭವಾಗಿ ನಕಲಾಗುವಂಥದ್ದು. ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಪುಸ್ತಕ ಕೊಳ್ಳದ, ಓದು ಬಾರದ ಮನೆಗಳಲ್ಲೂ ಕನ್ನಡ ಕವಿತೆ ಮೊಳಗಿತು. ಆ ಉಪಕಾರವನ್ನು ಕನ್ನಡಿಗರು ಮರೆಯಲಾಗದು.

ಆದರೆ ತರಗತಿಯಲ್ಲಿ ನಾನು ಇನ್ನೊಂದು ಮುಖವನ್ನೂ ಕಂಡಿದ್ದೇನೆ. ‘ನಿತ್ಯೋತ್ಸವ’ವನ್ನು ಗಟ್ಟಿಯಾಗಿ ಓದಿ ಎಂದರೆ ಮಕ್ಕಳು ಓದುತ್ತಿರಲಿಲ್ಲ, ಹಾಡಿಬಿಡುತ್ತಿದ್ದರು. ನಿಮ್ಮಲ್ಲಿ ಕೆಲವರಿಗೆ ಇದು ನೆನಪಿರಬಹುದು. ರಾಗವಿಲ್ಲದೆ ಓದಲು ಹೇಳಿದಾಗ ಎರಡನೆಯ ಸಾಲಿಗೇ ತಡವರಿಸುತ್ತಿದ್ದರು. ಪದ್ಯ ಬಾಯಿಗೆ ಬಂದಿತ್ತು, ಪದ್ಯದ ಮಾತುಗಳು ಮಾತ್ರ ಸ್ವರದ ಹಿಂದೆ ಅಡಗಿಕೊಂಡಿದ್ದವು. ಹಾಡನ್ನು ಕೇಳದ ಕವಿತೆಗಳನ್ನು ಅವರೇ ತಮ್ಮ ತಮ್ಮ ದನಿಯಲ್ಲಿ, ತಪ್ಪೋ ಒಪ್ಪೋ, ಒಂದೊಂದು ಬಗೆಯಾಗಿ ಓದುತ್ತಿದ್ದರು. ಒಬ್ಬರ ಅದ್ಭುತವಾದ ಹಾಡುಗಾರಿಕೆ ಎಲ್ಲರ ಓದಾಗಿ ನೆಲೆನಿಂತಾಗ ಉಳಿದ ಓದುಗಳಿಗೆ ಜಾಗ ಕಡಿಮೆಯಾಗುತ್ತದೆ. ಯಂತ್ರವು ಹಂಚುವ ಕೆಲಸದಲ್ಲಿ ಉದಾರಿ. ಆದರೆ ಅದು ಹಂಚುವುದು ಒಂದೇ ರೂಪವನ್ನು.

ಈಗ ಫೋನಿನಲ್ಲಿ ಎಲ್ಲವೂ ಇದೆ. ಗೌಹರ್ ಜಾನರ ಜೋಗಿಯಾವನ್ನು ಮಧ್ಯರಾತ್ರಿ ಕೇಳಬಹುದು, ನಾಲ್ಕು ಗಂಟೆಯ ಕಛೇರಿಯನ್ನು ಅಡುಗೆ ಮಾಡುತ್ತ ಕೇಳಬಹುದು. ಕಾಲಮಿತಿ ತಂತ್ರಜ್ಞಾನದಿಂದ ಹೊರಟುಹೋಗಿದೆ. ವಿಚಿತ್ರವೆಂದರೆ ಅದು ನಮ್ಮೊಳಗೆ ಬಂದು ಸೇರಿಕೊಂಡಿದೆ. ಹಿಂದೆ ಪ್ಲೇಟು ಮೂರು ನಿಮಿಷಕ್ಕೆ ನಿಲ್ಲುತ್ತಿತ್ತು, ಇಂದು ಅರ್ಧ ನಿಮಿಷಕ್ಕೆ ನಮ್ಮ ಬೆರಳೇ ಮುಂದಿನ ಹಾಡಿಗೆ ಜಾರುತ್ತದೆ. ಹಿಂದಿನವರಿಗೆ ಪ್ಲೇಟು ಕೊಳ್ಳುವುದು ಕಷ್ಟ, ಕೊಂಡ ಮೇಲೆ ಗೆರೆ ಸವೆಯುವವರೆಗೂ ಕೇಳುತ್ತಿದ್ದರು. ನಮಗೆ ಸಿಗುವುದು ಸುಲಭ, ಕೇಳುವುದು ಕಷ್ಟವಾಗಿದೆ. ಬೈಠಕ್ಕಿನಲ್ಲಿ ಎದುರಿಗೆ ಕುಳಿತ ಗಾಯಕನ ಮುಖವೇ ನಮ್ಮನ್ನು ಹಿಡಿದು ಕೂರಿಸುತ್ತಿತ್ತು. ಆ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ. ನೂರಿಪ್ಪತ್ತು ವರ್ಷಗಳ ಈ ಇತಿಹಾಸದಲ್ಲಿ ನಿಜವಾಗಿ ಬದಲಾದದ್ದು ಇದೇ ಎಂದು ನನ್ನ ಎಣಿಕೆ.

ಆದ್ದರಿಂದ ನಿಮಗೊಂದು ಮನೆಗೆಲಸ. ನಿವೃತ್ತನಾದರೂ ಅಭ್ಯಾಸ ಬಿಡದು! ಗಂಗೂಬಾಯಿಯವರು ಮೂವತ್ತರ ದಶಕದಲ್ಲಿ ಹಾಡಿದ ಒಂದು ಪ್ಲೇಟನ್ನು ಅಂತರಜಾಲದಲ್ಲಿ ಹುಡುಕಿ ಪೂರ್ತಿ ಕೇಳಿ. ಆಮೇಲೆ ಅವರ ಅರವತ್ತರ ವಯಸ್ಸಿನ ಬಳಿಕದ ಒಂದು ಖಯಾಲನ್ನು, ಅರ್ಧ ಗಂಟೆಯಾದರೂ, ಬೇರೆ ಕೆಲಸವಿಟ್ಟುಕೊಳ್ಳದೆ ಕೇಳಿ. ಮಕ್ಕಳು ಹತ್ತಿರವಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಎರಡೂ ಒಬ್ಬರದೇ ದನಿಯೆಂದು ಕೊನೆಯಲ್ಲಿ ಹೇಳಿ. ಅವರ ಮುಖದಲ್ಲಿ ಏನು ಕಂಡಿತೆಂಬುದನ್ನು ನನಗೂ ಎರಡು ಸಾಲು ಬರೆದು ತಿಳಿಸಿ.